ನಡುವೆ ಒಂದು ಡಬ್ಬಿ

ಕೊಡುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಎರಡು ಮೂತ್ರಪಿಂಡಗಳ ಚಿತ್ರ ಬರೆದು, ಅಣ್ಣನವು ಎರಡೂ ಸೋಲುತ್ತಾ ಬಂದಿವೆ, ಡಯಾಲಿಸಿಸ್ ತನಕ ಕಾಯುವುದಕ್ಕಿಂತ ಈಗಲೇ ಕಸಿ ಮಾಡಿಸಿಕೊಳ್ಳುವುದು ಒಳ್ಳೆಯದು, ಮನೆಯಲ್ಲಿ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ್ದರು. ಅತ್ತಿಗೆಯ ರಕ್ತದ ಗುಂಪು ಹೊಂದುವುದಿಲ್ಲವೆಂದು ಅಷ್ಟರಲ್ಲಾಗಲೇ ಗೊತ್ತಾಗಿತ್ತು. ತಂದೆ ತಾಯಿ ತೀರಿಹೋಗಿ ವರ್ಷಗಳಾಗಿದ್ದವು. ಅಣ್ಣ ಹಿಂದೆ ತಿರುಗಿಯೂ ನೋಡದೆ ಹೇಳಿಬಿಟ್ಟ.

"ನನ್ನ ತಮ್ಮ ಇದ್ದಾನಲ್ಲ ಮೇಡಂ. ಅವನು ಕೊಡ್ತಾನೆ."

ತಮ್ಮ ಅದೇ ಕೋಣೆಯಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ. ಡಾಕ್ಟರಮ್ಮ ಅವನತ್ತ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನೂ ತಲೆಯಾಡಿಸಿದ. ಇಲ್ಲ ಎನ್ನುವುದು ಎರಡೇ ಅಕ್ಷರ, ಆದರೆ ನಲವತ್ತಮೂರು ವರ್ಷಗಳಲ್ಲಿ ಆ ಎರಡಕ್ಷರ ಅಣ್ಣನ ಎದುರು ಅವನ ಬಾಯಿಂದ ಒಮ್ಮೆಯೂ ಹೊರಟಿರಲಿಲ್ಲ.

ಅಣ್ಣನದು ಡ್ರೈವಿಂಗ್ ಶಾಲೆ. ಅವನ ಕಾರಿನಲ್ಲಿ ಕಲಿಯುವವರ ಕಾಲಿನ ಕೆಳಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ಅಣ್ಣನ ಕಾಲಿನ ಕೆಳಗೆ ಇನ್ನೊಂದು. ತಮ್ಮನ ಬದುಕಿನಲ್ಲೂ ಅವನು ಕೂತದ್ದು ಆ ಪಕ್ಕದ ಸೀಟಿನಲ್ಲೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಮ್ಮನಿಗೆ ಹಡಗೊಂದರಲ್ಲಿ ರೇಡಿಯೋ ಕೆಲಸ ಕಲಿಯಲು ಕರೆ ಬಂದಿತ್ತು. ಅವನು ಮನೆಯಲ್ಲಿಲ್ಲದ ಹೊತ್ತಿಗೆ ಅಣ್ಣ ಕಾಗದ ಒಡೆದು, ತಮ್ಮನಿಗೆ ನೀರೆಂದರೆ ಭಯ, ಬರಲಾಗುವುದಿಲ್ಲ ಎಂದು ಮರುಟಪ್ಪಾಲಿಗೇ ಉತ್ತರ ಬರೆದಿದ್ದ. ಅವನಿಗೆ ನೀರೆಂದರೆ ಭಯವಿರಲಿಲ್ಲ. ಆಮೇಲೆ ಹುಡುಗಿ ನೋಡಿ ಒಪ್ಪಿದವನೂ ಅಣ್ಣನೇ. ಹೆಂಡತಿ ಒಳ್ಳೆಯವಳಾಗಿ ಸಿಕ್ಕಿದ್ದರಿಂದ ಆ ಬಗ್ಗೆ ದೂರುವ ಅವಕಾಶವೂ ಅವನಿಗೆ ಉಳಿಯಲಿಲ್ಲ. ಈಗ ಹೊಟ್ಟೆಯೊಳಗಿನದ್ದನ್ನೂ ಅಣ್ಣ ಅದೇ ಸಲೀಸಿನಲ್ಲಿ ತನ್ನದೆಂದುಕೊಂಡಿದ್ದ.

ಆ ವಾರವೆಲ್ಲ ಅವನು ಸರಿಯಾಗಿ ಊಟ ಮಾಡಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ ಎಂದು ಒಮ್ಮೆ ಅನಿಸುತ್ತಿತ್ತು. ಮರುಕ್ಷಣ ಪಕ್ಕೆಯ ಮೇಲೆ ಚಾಕು ಹಾಯ್ದಂತಾಗಿ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಕೇಬಲ್ಲೊಂದನ್ನು ಕೈಯಲ್ಲಿ ಹಿಡಿದು ಕೂತಿದ್ದಾಗ, ತಾನು ಇಲ್ಲ ಎನ್ನಬೇಕಾಗಿಯೇ ಇಲ್ಲ ಎಂಬುದು ಅವನಿಗೆ ಹೊಳೆಯಿತು. ಆ ಮಾತನ್ನು ಯಂತ್ರವೇ ಆಡಬಹುದಿತ್ತು.

ಅದೇ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಜೇಬಿನಲ್ಲಿ ಯಾವಾಗಲೂ ಒಂದೆರಡು ಒಂಬತ್ತು ಪಿನ್ನಿನ ಪ್ಲಗ್ಗುಗಳು ಇರುತ್ತಿದ್ದುದರಿಂದ ಲ್ಯಾಬಿನವರೆಲ್ಲ ಅವನನ್ನು ಪಿನ್ನಪ್ಪ ಎಂದೇ ಕರೆಯುತ್ತಿದ್ದರು. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಅದರ ಬೆನ್ನ ಹಿಂದಿನ ಪೋರ್ಟುಗಳು ಒಂದೊಂದಾಗಿ ಕಾಣೆಯಾಗುತ್ತಾ ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮೊದಲು ಹೋದದ್ದು ಪ್ರಿಂಟರಿನ ಇಪ್ಪತ್ತೈದು ತೂತಿನ ಅಗಲ ಬಾಯಿ. ಆಮೇಲೆ ಕೀಬೋರ್ಡು, ಮೌಸುಗಳ ನೇರಳೆ ಹಸಿರು ದುಂಡು ಬಾಯಿಗಳು. ಕೊನೆಗೆ, ಅವನು ಪ್ರೀತಿಯಿಂದ ಮುದುಕ ಎನ್ನುತ್ತಿದ್ದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು. ಅವೆಲ್ಲದರ ಜಾಗದಲ್ಲಿ ಚಪ್ಪಟೆ ಯುಎಸ್‌ಬಿ ಬಾಯಿಗಳು ಸಾಲಾಗಿ ಬಂದು ಕೂತವು. ಆದರೆ ಕಂಪ್ಯೂಟರ್ ಬದಲಾದ ವೇಗದಲ್ಲಿ ಲ್ಯಾಬಿನ ಯಂತ್ರಗಳು ಬದಲಾಗುವುದಿಲ್ಲ. ರಕ್ತ ಪರೀಕ್ಷೆಯ ದೊಡ್ಡ ಯಂತ್ರಕ್ಕೆ ಹತ್ತೊಂಬತ್ತು ವರ್ಷ. ಅದರ ಬೆನ್ನಿನಲ್ಲಿದ್ದದ್ದು ಮುದುಕನೊಬ್ಬನೇ. ಹಾಗಾಗಿ ಯಂತ್ರದಿಂದ ಹೊರಟ ಹಳೆಯ ಕೇಬಲ್ಲು ಹೊಸ ಕಂಪ್ಯೂಟರಿಗೆ ಸೇರಬೇಕಾದರೆ ನಡುವೆ ಒಂದು ಕನ್ವರ್ಟರ್ ಬೇಕಾಗಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಕಂಪ್ಯೂಟರ್ ಬದಲಾದ ವರ್ಷ ಅವನೇ ತಂದು ಜೋಡಿಸಿದ್ದ. ಅದು ಮೇಜಿನ ಹಿಂದೆ ಜೋತುಬಿದ್ದಿರುವುದು ಎಲ್ಲರಿಗೂ ಗೊತ್ತಿತ್ತು. ಅದರೊಳಗೆ ಏನಿದೆಯೆಂದು ಯಾರೂ ಕೇಳಿರಲಿಲ್ಲ.

ಸೀರಿಯಲ್ ಪೋರ್ಟು ಮುಗ್ಧ ಜೀವಿ. ಅದರಲ್ಲಿ ಗುಟ್ಟಿಲ್ಲ, ಬೀಗವಿಲ್ಲ. ಯಂತ್ರ ಹೇಳಿದ್ದೆಲ್ಲ ಬರಿಯ ಅಕ್ಷರಗಳಾಗಿ, ಸಾಲು ಸಾಲಾಗಿ ತಂತಿಯಲ್ಲಿ ಹರಿದು ಹೋಗುತ್ತದೆ: ರಕ್ತದ ಟ್ಯೂಬಿನ ನಂಬರು, ರೋಗಿಯ ನಂಬರು, ಪರೀಕ್ಷೆಯ ಹೆಸರು, ಬಂದ ಅಂಕೆ. ನಡುವೆ ಕೂತವನು ಒಂದು ಅಂಕೆಯನ್ನು ಬದಲಿಸಿ ಮುಂದೆ ಕಳಿಸಿದರೆ ಆಚೆಯವನಿಗೆ ತಿಳಿಯುವ ದಾರಿಯಿಲ್ಲ. ಸಾಲಿನ ಕೊನೆಗೆ ತಾಳೆ ನೋಡಲೆಂದು ಎರಡು ಅಕ್ಷರ ಇರುತ್ತವೆ ನಿಜ. ಅವನ್ನು ಲೆಕ್ಕಹಾಕಿ ಹೊಸದಾಗಿ ಬರೆಯುವುದು ಅವನಿಗೆ ಎಡಗೈ ಕೆಲಸ.

ಕನ್ವರ್ಟರಿನಂತೆಯೇ ಕಾಣುವ ಇನ್ನೊಂದು ಡಬ್ಬಿಯನ್ನು ಅವನು ಒಂಬತ್ತು ದಿನಗಳಲ್ಲಿ ತಯಾರಿಸಿದ. ಒಳಗೆ ನಿಜವಾದ ಕನ್ವರ್ಟರೂ ಇತ್ತು, ಅದರ ಪಕ್ಕದಲ್ಲಿ ಉಗುರಿನಷ್ಟು ಚಿಕ್ಕ ಇನ್ನೊಂದು ಚಿಪ್ಪೂ ಇತ್ತು. ಆ ಚಿಪ್ಪಿಗೆ ಕಲಿಸಬೇಕಾದದ್ದು ಕಡಿಮೆ. ಬರುವ ಸಾಲುಗಳನ್ನೆಲ್ಲ ಇದ್ದ ಹಾಗೆ ಬಿಡಬೇಕು. ತನ್ನ ನಂಬರು ಬಂದು, ಪರೀಕ್ಷೆ ಕ್ರಿಯಾಟಿನಿನ್ ಆಗಿದ್ದರೆ ಮಾತ್ರ ಅಂಕೆಯನ್ನು ಬದಲಿಸಬೇಕು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಹೇಳುವ ಅಂಕೆ ಅದು. ಒಂದರ ಆಸುಪಾಸಿದ್ದರೆ ಆರೋಗ್ಯ, ಹೆಚ್ಚಿದಷ್ಟೂ ಆತಂಕ. ಬಂದದ್ದು ಏನೇ ಇರಲಿ, ಹೊರಗೆ ಹೋಗುವುದು ಒಂದು ಮುಕ್ಕಾಲಿನಿಂದ ಎರಡರ ಒಳಗಿರಬೇಕು, ಪ್ರತಿ ಸಲವೂ ಕೊನೆಯ ಅಂಕೆ ಕೊಂಚ ಬೇರೆಯಾಗಬೇಕು. ಅದಕ್ಕಿಂತ ಹೆಚ್ಚಾದರೆ ತನ್ನನ್ನೇ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ, ಕಡಿಮೆಯಾದರೆ ಪರವಾಗಿಲ್ಲ ಎಂದು ಆಪರೇಷನ್ ಮಾಡಿಬಿಡುತ್ತಾರೆ ಎಂದು ಅವನು ಅಳೆದು ನೋಡಿದ್ದ.

ಇದು ಯಾರ ರಿಪೋರ್ಟೆಂದು ಕಂಪ್ಯೂಟರ್ ಗುರುತಿಸುವುದು ಟ್ಯೂಬಿನ ನಂಬರಿನಿಂದ, ಆದರೆ ಅದು ಪ್ರತಿ ಪರೀಕ್ಷೆಗೂ ಬದಲಾಗುತ್ತದೆ, ರೋಗಿಯ ನಂಬರು ಬದಲಾಗುವುದಿಲ್ಲ. ಆದ್ದರಿಂದ ಡಬ್ಬಿಗೆ ಎರಡನೆಯದನ್ನೇ ಕಲಿಸಿದ. ಆಸ್ಪತ್ರೆಯ ಕಾಗದಪತ್ರಗಳೆಲ್ಲ ಅತ್ತಿಗೆಯ ಪ್ಲಾಸ್ಟಿಕ್ ಫೈಲಿನಲ್ಲಿದ್ದವು. ಅದನ್ನು ಕೇಳಿ ಅನುಮಾನ ಹುಟ್ಟಿಸುವುದೇಕೆ? ಕೊಡುವವರಿಗೆ ಮಾಡುವ ಪರೀಕ್ಷೆಗಳ ಮೊದಲ ಸುತ್ತಿನಲ್ಲಿ ಬರೀ ಸಕ್ಕರೆ, ಪಿತ್ತಜನಕಾಂಗದ ಪರೀಕ್ಷೆಗಳಿದ್ದ ದಿನ ಒಂದು ಹಳೆಯ ಲ್ಯಾಪ್‌ಟಾಪನ್ನು ತಂತಿಗೆ ಜೋಡಿಸಿ, ತನ್ನ ಟ್ಯೂಬಿನ ಸಾಲು ಹರಿದುಬರುವುದನ್ನೇ ಕಾದು, ಅದರಲ್ಲಿದ್ದ ನಂಬರನ್ನು ಅಂಗೈ ಮೇಲೆ ಬರೆದುಕೊಂಡ.

ಹಳೆಯ ಡಬ್ಬಿಯನ್ನು ಕಿತ್ತು ಅದರ ಜಾಗದಲ್ಲಿ ಹೊಸದನ್ನು ಜೋಡಿಸಿದ. ಉಳಿದ ಕಿಂಡಿಗಳನ್ನೂ ಮುಚ್ಚಿದ. ಯಂತ್ರದ ಸ್ವಂತ ಪರದೆ ಎರಡು ವರ್ಷದ ಹಿಂದೆಯೇ ಮಬ್ಬಾಗಿತ್ತು, ಅದನ್ನು ಯಾರೂ ಓದುತ್ತಿರಲಿಲ್ಲ. ಅದರ ಕಾಗದದ ಸುರುಳಿ ಮಾರುಕಟ್ಟೆಯಲ್ಲಿ ಸಿಗುವುದು ನಿಂತಿತ್ತು. ಅದರ ನೆನಪು ಒಂದು ದಿನದ್ದು, ಬೆಳಿಗ್ಗೆ ಆರಿಸಿ ಹಚ್ಚಿದರೆ ಹಿಂದಿನದೆಲ್ಲ ಅಳಿಸಿಹೋಗುತ್ತಿತ್ತು. ಇನ್ನು ಆರು ತಿಂಗಳಿಗೆ ಹೊಸ ಯಂತ್ರ ಬರಲಿತ್ತು. ಆಗ ಕೇಬಲ್ಲು, ಡಬ್ಬಿ, ಮುದುಕ ಎಲ್ಲವೂ ಒಟ್ಟಿಗೆ ಗುಜರಿಗೆ. ಸಾಕ್ಷಿಯನ್ನು ನಾಶಮಾಡಲು ಆಸ್ಪತ್ರೆಯೇ ಆರ್ಡರು ಹೊರಡಿಸಿತ್ತು.

ಎರಡನೆಯ ಸುತ್ತಿನ ದಿನ ಎಲ್ಲವೂ ಅವನು ಅಂದುಕೊಂಡಂತೆಯೇ ನಡೆಯಿತು. ಒಂದು ಬಿಂದು ಎಂಟು ಎಂಟು ಬಂತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ನಾಲ್ಕು ದಿನ ಬಿಟ್ಟು ಮತ್ತೆ ರಕ್ತ ತೆಗೆಸಿದರು. ಒಂದು ಬಿಂದು ಒಂಬತ್ತು ಒಂದು. ಕೊಡುವವರ ವಿಷಯದಲ್ಲಿ ತಾವು ಚೂರು ಅನುಮಾನವನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿ, ಅವನ ಹೆಸರಿನ ಮುಂದೆ ಅಡ್ಡಗೆರೆ ಎಳೆದರು. ಅವನಿಗೂ ಉಪ್ಪು ಕಡಿಮೆ ಮಾಡಿ, ತಿಂಗಳಿಗೊಮ್ಮೆ ರಕ್ತ ಕೊಟ್ಟು ಹೋಗಿ ಎಂದರು. ಅವನು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. ಅದಕ್ಕೆ ನಟನೆ ಬೇಕಾಗಲಿಲ್ಲ. ಎದುರಿಗೆ ಅತ್ತಿಗೆ ಕೂತಿದ್ದಳು.

ಅಣ್ಣ ಸಿಟ್ಟಾಗಬಹುದೆಂದು ಅವನು ಸಿದ್ಧನಾಗಿದ್ದ. ಅಣ್ಣ ಸಿಟ್ಟಾಗಲಿಲ್ಲ. ಮೊಗಸಾಲೆಯ ಬೆಂಚಿನ ಮೇಲೆ ಕೂತು, ತಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟ.

"ನಿನಗೂ ಬಂತಲ್ಲೋ. ನಾನೊಬ್ಬನೇ ಅಂದ್ಕೊಂಡಿದ್ದೆ."

ಆ ಕೈಯಲ್ಲಿ ಬಿಸಿಯೇ ಇರಲಿಲ್ಲ. ತಮ್ಮ ತಲೆಯೆತ್ತಲಿಲ್ಲ. ಅಂದಿನಿಂದ ಅಣ್ಣ ದಿನಕ್ಕೊಮ್ಮೆ ಫೋನ್ ಮಾಡತೊಡಗಿದ. ಉಪ್ಪು ಬಿಟ್ಟೆಯಾ, ನೀರು ಎಷ್ಟು ಕುಡಿದೆ, ಭಾರ ಎತ್ತಬೇಡ ಎಂದು ವಿಚಾರಿಸುತ್ತಿದ್ದ. ಮನೆಯಲ್ಲಿ ಹೆಂಡತಿ ಸಪ್ಪೆ ಸಾರು ಬಡಿಸಿ ತಾನೂ ಅದನ್ನೇ ಉಣ್ಣುತ್ತಿದ್ದಳು. ಮಾಡಿದ ತಪ್ಪಿಗೆ ಶಿಕ್ಷೆ ಇಷ್ಟೇ ಆದರೆ ಅಗ್ಗವಾಯಿತು ಎಂದು ಅವನು ಅಂದುಕೊಂಡ, ಆದರೆ ಅಣ್ಣನ ಫೋನ್ ಮೂರು ಸಲ ರಿಂಗಾಗುವ ತನಕ ಎತ್ತುತ್ತಿರಲಿಲ್ಲ. ಡಬ್ಬಿಯನ್ನು ಕಿತ್ತುಬಿಡೋಣ ಎಂದು ಎರಡು ಸಲ ಮೇಜಿನ ಹಿಂದೆ ಬಗ್ಗಿದ. ಕಿತ್ತರೆ ಮುಂದಿನ ತಿಂಗಳೇ ತಾನು ದಿಢೀರನೆ ಗುಣವಾಗಬೇಕಾಗುತ್ತದೆ, ಆಗ ಆಪರೇಷನ್ ಟೇಬಲ್ಲು. ಎರಡು ಸಲವೂ ಮಂಡಿಯ ಧೂಳು ಕೊಡವಿಕೊಂಡು ಎದ್ದ.

ಹೀಗಿರುವಾಗ ಅವನ ಮನಸ್ಸನ್ನು ಹಗುರ ಮಾಡುವಂಥದ್ದೊಂದು ನಡೆಯಿತು. ಅಣ್ಣನ ರಿಪೋರ್ಟುಗಳು ಸುಧಾರಿಸತೊಡಗಿದವು.

ಮೂರು ಬಿಂದು ಆರರಲ್ಲಿದ್ದ ಅಂಕೆ ಒಂದೇ ಸಲಕ್ಕೆ ಒಂದು ಬಿಂದು ಒಂಬತ್ತಕ್ಕೆ ಇಳಿಯಿತು. ಡಾಕ್ಟರಮ್ಮ ನಂಬದೆ ಮತ್ತೊಮ್ಮೆ ಮಾಡಿಸಿದರು. ಒಂದು ಬಿಂದು ಎಂಟು. ಅವರು ಬಹಳ ಪ್ರಶ್ನೆ ಕೇಳಿದ ಮೇಲೆ, ಬೆನ್ನುನೋವಿಗೆಂದು ಅಣ್ಣ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಿದ್ದದ್ದೂ, ಎರಡು ತಿಂಗಳಿಂದ ಅದನ್ನು ಪೂರ್ತಿ ಬಿಟ್ಟದ್ದೂ ಹೊರಬಂತು. ಮಾತ್ರೆಯಿಂದ ಆದ ಪೆಟ್ಟು ಮಾತ್ರೆ ಬಿಟ್ಟರೆ ಕೆಲವರಲ್ಲಿ ಹೀಗೆ ಸರಿಹೋಗುವುದುಂಟು, ಸದ್ಯ ಕಸಿ ಬೇಡ, ಕಾದು ನೋಡೋಣ ಎಂದು ಅವರು ಹೇಳಿದರು. ಅತ್ತಿಗೆ ಮೊಗಸಾಲೆಯಲ್ಲೇ ನಿಂತು ತನ್ನ ತಂಗಿಗೆ ಫೋನ್ ಮಾಡಿ ಅತ್ತಳು.

ಅವನು ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡ. ಕೊಡಬೇಕಾಗಿಯೇ ಇರಲಿಲ್ಲ! ಒಂದು ಮೂತ್ರಪಿಂಡ ದಂಡಕ್ಕೆ ಹೋಗುತ್ತಿತ್ತು. ತಾನು ಮಾಡಿದ್ದು ಮೋಸವೇ ಇರಬಹುದು, ಆದರೆ ಆ ಮೋಸ ಇಬ್ಬರನ್ನೂ ಒಂದು ವ್ಯರ್ಥ ಕೊಯ್ತದಿಂದ ಉಳಿಸಿತ್ತು. ದಿನ ಕಳೆದಂತೆ ಈ ಮಾತು ಅವನೊಳಗೆ ಬೇರುಬಿಟ್ಟಿತು. ಎಷ್ಟೋ ವರ್ಷಗಳ ಮೇಲೆ ಅಣ್ಣನ ಮನೆಗೆ ಕರೆಯದೆಯೇ ಹೋಗತೊಡಗಿದ. ತಿಂಗಳ ರಕ್ತಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಬಂದು ಅಕ್ಕಪಕ್ಕದ ಕುರ್ಚಿಗಳಲ್ಲಿ ತೋಳು ಮಡಚಿ ಕೂರುತ್ತಿದ್ದರು. ಒಮ್ಮೆ ಇಬ್ಬರ ರಿಪೋರ್ಟುಗಳನ್ನೂ ಬೆಳಕಿಗೆ ಹಿಡಿದು ಅಣ್ಣ ನಕ್ಕ.

"ನೋಡೋ, ಈಗ ನಾವಿಬ್ಬರೂ ಸಮ ಸಮ. ಅಣ್ಣ ತಮ್ಮ ಅಂದ್ರೆ ಹೀಗಿರಬೇಕು."

ತಮ್ಮನೂ ನಕ್ಕ. ಡಬ್ಬಿ ತನಗೆಂದು ಕಟ್ಟಿಕೊಡುತ್ತಿದ್ದ ಸುಳ್ಳು ಅಂಕೆಗೆ ಅಣ್ಣನ ನಿಜವಾದ ಅಂಕೆ ಬಂದು ಜೊತೆಯಾದದ್ದು ಅವನಿಗೆ ಒಂದು ಬಗೆಯ ಕ್ಷಮೆಯಂತೆ ಕಂಡಿತು.

ಆದರೆ ನಾಲ್ಕನೆಯ ತಿಂಗಳಿಗೆ ಅಣ್ಣ ಮುಂಗೈ ಕೆರೆದುಕೊಳ್ಳುವುದನ್ನು ಅವನು ಗಮನಿಸಿದ. ಮಾತಾಡುತ್ತಾ ಆಡುತ್ತಾ, ಬಿಡದೆ, ಬಿಳಿ ಗೆರೆ ಮೂಡುವ ಹಾಗೆ. ಕಾಲುಚೀಲ ಬಿಚ್ಚಿದಾಗ ಅದರ ಅಂಚಿನ ಗುರುತು ಕಣಕಾಲಿನಲ್ಲಿ ಆಳವಾಗಿ ಉಳಿಯುತ್ತಿತ್ತು. ಬಾಯಿ ಕಬ್ಬಿಣ ನೆಕ್ಕಿದ ಹಾಗಿದೆ, ಊಟ ಸೇರುವುದಿಲ್ಲ ಎನ್ನುತ್ತಿದ್ದ. ಅತ್ತಿಗೆ ಒಂದು ಸಂಜೆ ಅವನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದಳು.

"ನಿಮಗೆ ಗೊತ್ತಾಗುತ್ತಲ್ಲ, ಹೇಳಿ. ಇವರು ನಿಜವಾಗ್ಲೂ ಹುಷಾರಾಗ್ತಾ ಇದ್ದಾರಾ?"

ಅವನು ಜೇಬಿನಿಂದ ಫೋನ್ ತೆಗೆದು ಹಿಂದಿನ ವಾರದ ರಿಪೋರ್ಟನ್ನೇ ತೋರಿಸಿದ. ಒಂದು ಬಿಂದು ಎಂಟು ನಾಲ್ಕು. ಮೈಕೈ ಹೇಳುವುದನ್ನು ನಂಬಬಾರದು ಅತ್ತಿಗೆ, ಅಂಕೆ ಸುಳ್ಳು ಹೇಳುವುದಿಲ್ಲ, ಹವೆಗೆ ಚರ್ಮ ಒಣಗಿದರೂ ತುರಿಕೆ ಬರುತ್ತದೆ ಎಂದು ಸಮಾಧಾನ ಮಾಡಿದ. ಹಾಗೆ ಹೇಳುವಾಗ ಅವನಿಗೆ ತನ್ನ ಮಾತಿನಲ್ಲಿ ಪೂರ್ತಿ ನಂಬಿಕೆಯಿತ್ತು. ಒಂದು ಅಂಕೆಯನ್ನು ಸುಳ್ಳಾಗಿಸಿದವನು ಮಿಕ್ಕೆಲ್ಲ ಅಂಕೆಗಳೂ ನಿಜವೆಂದು ಅವಳಿಗಿಂತ ಗಟ್ಟಿಯಾಗಿ ಬಲ್ಲ. ದಿನಕ್ಕೆ ಇನ್ನೂರು ಜನರ ಸಾಲುಗಳು ಆ ಡಬ್ಬಿಯನ್ನು ದಾಟುತ್ತಿದ್ದವು. ಅವುಗಳಲ್ಲಿ ಹತ್ತಾರನ್ನು ಆರಂಭದ ದಿನಗಳಲ್ಲೇ ಅವನು ತಾಳೆ ನೋಡಿದ್ದ. ಯಾವುದಕ್ಕೂ ಕೂದಲೆಳೆಯಷ್ಟು ಸೋಂಕು ತಗುಲಿರಲಿಲ್ಲ.

ಮುಂದಿನ ಬುಧವಾರ ಬೆಳಿಗ್ಗೆ, ಡ್ರೈವಿಂಗ್ ಶಾಲೆಯ ಅಂಗಳದಲ್ಲಿ ಹೊಸಬರೊಬ್ಬರಿಗೆ ಎಂಟರ ಆಕಾರದಲ್ಲಿ ಸುಣ್ಣದ ಗೆರೆ ಎಳೆದು ತೋರಿಸುತ್ತಿದ್ದ ಅಣ್ಣ, ಗೆರೆ ಅರ್ಧವಾಗಿರುವಾಗಲೇ ಕುಸಿದುಬಿದ್ದ. ಹತ್ತಿರದ ಚಿಕ್ಕ ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋದರು. ಅಲ್ಲಿಯವರು ರಕ್ತ ನೋಡಿ ಗಾಬರಿಯಿಂದ ಆಂಬುಲೆನ್ಸ್ ಕರೆಸಿ, ಒಂದು ಚೀಟಿಯ ಜೊತೆ ಇಲ್ಲಿಗೆ ಸಾಗಿಸಿದರು. ಚೀಟಿಯಲ್ಲಿ ಬರೆದದ್ದು ಒಂಬತ್ತು ಬಿಂದು ನಾಲ್ಕು.

ಅವನು ವಾರ್ಡಿಗೆ ಓಡಿದಾಗ ಅಣ್ಣನ ಕುತ್ತಿಗೆಗೆ ಕೊಳವೆ ಚುಚ್ಚಿ ಡಯಾಲಿಸಿಸ್ ಶುರುಮಾಡಿದ್ದರು. ಪ್ರಾಣಕ್ಕೆ ತಕ್ಷಣ ಅಪಾಯವಿಲ್ಲ, ಆದರೆ ಉಳಿದಿದ್ದ ಅಷ್ಟಿಷ್ಟು ಶಕ್ತಿಯೂ ಈ ನಾಲ್ಕು ತಿಂಗಳಲ್ಲಿ ಸೋರಿಹೋಗಿದೆ ಎಂದು ನರ್ಸು ಹೇಳಿದಳು. ಪ್ರಜ್ಞೆ ಬಂದಾಗ ಅಣ್ಣ ಹೇಳಿದ್ದು ಒಂದೇ ಮಾತಂತೆ, ತಮ್ಮನಿಗೆ ತಿಳಿಸಬೇಡಿ, ಅವನು ತನ್ನದನ್ನು ನೆನೆದು ಹೆದರುತ್ತಾನೆ ಎಂದು. ಅತ್ತಿಗೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಅವನನ್ನು ಕಂಡು ಪ್ಲಾಸ್ಟಿಕ್ ಫೈಲನ್ನು ಮಡಿಲಿಗೆ ಎಳೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಅತ್ತಿಗೆಯ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ವತಃ ಲ್ಯಾಬಿಗೆ ಇಳಿದುಬಂದರು. ಹಿಂದೆಯೇ ಆ ನರ್ಸೂ ಇದ್ದಳು. ಯಂತ್ರ ಕೆಟ್ಟಿದೆಯೇ ಎಂದು ಅವರು ಕೇಳಿದರು. ಅವನು ಎದೆಮುಟ್ಟಿಕೊಂಡು ಇಲ್ಲ ಎಂದ. ಆ ಎರಡಕ್ಷರ ಈಗ ಎಷ್ಟು ಸುಲಭವಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಕ್ಲಿನಿಕ್ಕಿನವರದೇ ತಪ್ಪಿರಬೇಕು, ಡಯಾಲಿಸಿಸ್‌ಗೆ ಮುಂಚೆ ಇಲ್ಲೂ ಅಣ್ಣನ ರಕ್ತ ತೆಗೆದಿಟ್ಟಿರುತ್ತಾರಲ್ಲ, ಅದನ್ನು ಎರಡು ಪಾಲು ಮಾಡಿ ಒಂದನ್ನು ಇಲ್ಲಿ, ಒಂದನ್ನು ಬೇರೆ ಕಡೆ ನೋಡಿಸಿ, ನನ್ನ ಯಂತ್ರ ನಾನು ಬಲ್ಲೆ ಎಂದು ಅವನೇ ಸಲಹೆ ಕೊಟ್ಟ. ಹಾಗೆಯೇ ಮಾಡಿದರು. ಇಲ್ಲಿ ಬಂದದ್ದು ಒಂದು ಬಿಂದು ಎಂಟು ಆರು. ಹೊರಗಿನಿಂದ ಗಂಟೆಯೊಳಗೆ ಫೋನ್ ಬಂತು, ಒಂಬತ್ತು ಬಿಂದು ಮೂರು ಎಂದು. ಅನುಮಾನ ಬಿಡದೆ ಬೇರೆ ಹತ್ತು ಜನರ ರಕ್ತವನ್ನೂ ಹಾಗೇ ಎರಡೂ ಕಡೆ ನೋಡಿಸಿದ್ದರು. ಹತ್ತಕ್ಕೆ ಹತ್ತೂ ತಾಳೆಯಾದವು. ಅವನು ಪರದೆಯನ್ನೇ ನೋಡುತ್ತಾ ನಿಂತ. ಡಬ್ಬಿಗೆ ಅಣ್ಣ ಗೊತ್ತಿಲ್ಲ, ಗೊತ್ತಿರಲು ಸಾಧ್ಯವೇ ಇಲ್ಲ.

"ಹಾಗಿದ್ರೆ ನಿಮ್ಮ ರಕ್ತಾನೂ ಹೊರಗೆ ಕಳಿಸೋಣ, ತೋಳು ಮಡಚಿ" ಎಂದರು ಡಾಕ್ಟರಮ್ಮ, ಅವನ ಮುಖದಿಂದ ಕಣ್ಣು ತೆಗೆಯದೆ. ನರ್ಸು ರಬ್ಬರ್ ಪಟ್ಟಿ ಬಿಗಿದು, ಫೈಲಿನಿಂದ ಅವನ ಕಾರ್ಡು ತೆಗೆದು, ಟ್ಯೂಬಿನ ಮೇಲೆ ನಂಬರನ್ನು ಬಾಯಿಬಿಟ್ಟು ಓದುತ್ತಾ ಬರೆಯತೊಡಗಿದಳು. ಎಂಟು ಅಂಕೆಗಳೂ ಅವನು ಅಂಗೈ ಮೇಲೆ ಬರೆದುಕೊಂಡಿದ್ದವೇ. ಆದರೆ ಅವಳು ಅಲ್ಲಿಗೆ ನಿಲ್ಲಿಸದೆ, ಓರೆಗೆರೆ, ಎರಡು ಎಂದಳು. ಹಾಗೆಂದರೇನು ಎಂದು ಅವನು ಕೇಳಿದ. ಅವಳು ತಲೆಯೆತ್ತದೆಯೇ ಹೇಳಿದಳು, "ಕಸಿಯ ಫೈಲು ತೆರೆದ ದಿನ ಮನೆಮಂದಿಗೆಲ್ಲ ಒಂದೇ ನಂಬರು ಕೊಡ್ತಾರೆ ಸಾರ್. ನಿಮ್ಮಣ್ಣ ಓರೆಗೆರೆ ಒಂದು, ನೀವು ಓರೆಗೆರೆ ಎರಡು." ಹತ್ತೊಂಬತ್ತು ವರ್ಷದ ಆ ಯಂತ್ರ ರೋಗಿಯ ನಂಬರಿಗೆಂದು ತಂತಿಯಲ್ಲಿ ಬಿಟ್ಟಿದ್ದದ್ದು ಎಂಟೇ ಎಂಟು ಮನೆ, ಓರೆಗೆರೆಗೂ ಅದರಾಚೆಯ ಅಂಕೆಗೂ ಅಲ್ಲಿ ಜಾಗವಿರಲಿಲ್ಲ. ಡಬ್ಬಿಯ ಪಾಲಿಗೆ ಅಣ್ಣನೂ ತಮ್ಮನೂ ಒಂದೇ ನಂಬರು.